ಅವ್ವ ಇಸ್ತ್ರಿ ಮಾಡಿದ ಪ್ಯಾಂಟು

ಹೋದ ಐತವಾರ ನನ್ನ ಪ್ಯಾಂಟಿನ ಗುಂಡಿ ಹಾರಿ ಸೀದಾ ಹೋಳಿಗೆ ಬುಟ್ಟಿಗೆ ಬಿತ್ತು.

ನಗಬೇಡಿ. ಅದೂ ಬೀಗರ ಎದುರಿಗೆ, ತುಂಬಿದ ಮನೆಯಲ್ಲಿ. ರಾಯಚೂರಿನ ಆಫೀಸಿನಲ್ಲಿ ಕುರ್ಚಿ ಮೇಲೆ ಕೂತು ನಾಲ್ಕು ಮಂದಿಗೆ ಶಿಸ್ತು ಕಲಿಸುವ ನಾನು, ಒಂದು ಕೈಯಲ್ಲಿ ಸೊಂಟ ಹಿಡಕೊಂಡು ಇನ್ನೊಂದು ಕೈಯಲ್ಲಿ ಹೋಳಿಗೆ ಸರಿಸಿ ಸರಿಸಿ ಗುಂಡಿ ಹುಡುಕುತ್ತಿದ್ದೆ. ಬೀಗರು ಪಾಪ, ನಾನು ದೊಡ್ಡ ಹೋಳಿಗೆ ಆರಿಸಾಕತ್ತೀನಿ ಅಂದುಕೊಂಡರು.

ಇದು ಹೇಗಾಯ್ತು ಅಂತ ಮೊದಲಿಂದ ಹೇಳುತ್ತೇನೆ.

ಈ ಅಂಕಣ ಓದುವವರಿಗೆ ಗೊತ್ತು, ನಾನು ಪ್ಯಾಂಟಿನ ವೈರಿ. ಮೇ ತಿಂಗಳ ರಾಯಚೂರಿನಲ್ಲಿ ಟೆರಿಕಾಟ್ ಹಾಕಿಕೊಂಡು ಓಡಾಡುವುದಕ್ಕಿಂತ ದೊಡ್ಡ ಶಿಕ್ಷೆ ಯಾವುದಿದೆ ಹೇಳಿ? ಕೂತರೆ ಕುರ್ಚಿಗೆ ಅಂಟುತ್ತದೆ. ಎದ್ದರೆ ತೊಡೆಗೆ ಅಂಟುತ್ತದೆ. (ಶಕ್ತಿನಗರದಲ್ಲಿ ಕಲ್ಲಿದ್ದಲು ಸುಟ್ಟು ಕರೆಂಟು ಮಾಡುತ್ತಾರಂತೆ. ನಮ್ಮ ಆಫೀಸಿನ ಮಂದಿಯನ್ನು ಸಫಾರಿ ಸೂಟು ಹಾಕಿಸಿ ಮಧ್ಯಾಹ್ನ ಬಯಲಲ್ಲಿ ನಿಲ್ಲಿಸಿದ್ದರೆ ಕಲ್ಲಿದ್ದಲಿನ ಖರ್ಚು ಉಳಿಯುತ್ತಿತ್ತು.) ಹೋದ ವಾರ ಮೇಲಿನ ಸಾಹೇಬರು ತಪಾಸಣೆಗೆ ಬಂದಿದ್ದರು ಅಂತ ವಾರ ಪೂರ್ತಿ ಸಫಾರಿಯಲ್ಲೇ ಬೆಂದಿದ್ದೆ. ಕುತ್ತಿಗೆ ಸುತ್ತ ಬೆವರುಸಾಲೆ ಎದ್ದಿತ್ತು.

ಅಷ್ಟರಲ್ಲಿ ಊರಿಂದ ಕರೆ ಬಂತು. ತಮ್ಮನ ಹೆಂಡತಿ ನಿಂಗಮ್ಮನಿಗೆ ಐತವಾರ ಕುಬಸ. ಚೊಚ್ಚಲ ಬಸುರಿ. ಅವಳ ತವರಿನವರು ಬುತ್ತಿ ಕಟ್ಟಿಕೊಂಡು, ಹಸಿರು ಸೀರೆ ಹಸಿರು ಬಳೆ ತಗೊಂಡು ಬರುತ್ತಾರೆ. ದೊಡ್ಡಣ್ಣ ಇಲ್ಲದಿದ್ದರೆ ಹೇಗೆ?

ನಾನು ಅವತ್ತೇ ನಿಶ್ಚಯ ಮಾಡಿದೆ. ಆಫೀಸಿಗೆ ಸಫಾರಿ, ಸರಿ. ಹುಟ್ಟಿದ ಊರಿಗೆ ಯಾರ ತಪಾಸಣೆ? ಬಿಳಿ ಪೈಜಾಮ, ತೆಳು ಜುಬ್ಬ, ಕಾಲಲ್ಲಿ ಚಪ್ಪಲಿ. ಮುಗೀತು.

ಹೆಂಡತಿ ಶಾಂತಾ ಬಾಗಿಲಲ್ಲಿ ನಿಂತು ಮೇಲಿಂದ ಕೆಳಗೆ ನೋಡಿದಳು. "ಹಿಂಗಾ ಹೊಂಟ್ರೇನು? ಅತ್ತಿ ಸುಮ್ಮನ ಬಿಡಂಗಿಲ್ಲ ನೋಡ್ರಿ."

"ನಮ್ಮವ್ವಗ ಮಗ ಬೇಕೋ, ಪ್ಯಾಂಟ್ ಬೇಕೋ?" ಅಂದೆ, ದೊಡ್ಡ ಧೈರ್ಯಸ್ಥನ ಹಾಗೆ.

ಮಾನ್ವಿಯಲ್ಲಿ ಬಸ್ಸು ಬದಲಿಸುವಾಗ ಸೋಡಾ ಕುಡಿದೆ. ಗಾಳಿ ಬೀಸಿದರೆ ಪೈಜಾಮದೊಳಗೆಲ್ಲಾ ಆಡುತ್ತಿತ್ತು. ಎಂಥಾ ಸುಖ ಅಂತೀರಿ! ಬಸ್ಸಿನಲ್ಲಿ ಒಬ್ಬನೇ ಕೂತು ನಕ್ಕೆ.

ಮನೆ ಮುಟ್ಟಿದಾಗ ಅವ್ವ ಅಂಗಳದಲ್ಲಿ ಕೂತು ಬ್ಯಾಳಿ ಹಸನು ಮಾಡುತ್ತಿದ್ದಳು. ಮೊರ ಕೆಳಗಿಟ್ಟಳು. ನನ್ನ ಮುಖ ನೋಡಲಿಲ್ಲ, ಕಾಲು ನೋಡಿದಳು.

"ಪ್ಯಾಂಟು ಚೀಲದಾಗ ಅದಾವೇನು?"

"ಇಲ್ಲ ಬೇ ಯವ್ವಾ."

"ಮರತಿಯೋ, ಬಿಟ್ಟು ಬಂದಿಯೋ?"

"ಬಿಟ್ಟ ಬಂದೀನಿ. ಬಿಸಲು ನೋಡಬೇ, ಹೆಂಗ ಅದ."

"ಬಿಸಲು ಏನು ಈ ವರ್ಷ ಹುಟ್ಯಾದೇನು?" ಅಂದವಳೇ ಎದ್ದು ಒಳಗೆ ಹೋದಳು. ಬಂದ ಮಗನಿಗೆ ನೀರು ಸಹ ಕೊಡಲಿಲ್ಲ.

ನೀರು ತಂದವನು ತಮ್ಮ ದುರುಗಪ್ಪ. ಊರಲ್ಲೇ ಇದ್ದಾನೆ, ಗೌಡರ ಹೊಲದಲ್ಲಿ ದುಡಿಯುತ್ತಾನೆ. ಅವ್ವನನ್ನು ಅವನೇ ನೋಡಿಕೊಳ್ಳುತ್ತಾನೆ. ತಂಬಿಗೆ ಕೊಟ್ಟು ನನ್ನ ಪೈಜಾಮ ನೋಡಿ ಹಲ್ಲು ಕಿರಿದ. "ಚಲೋ ಕಾಣ್ತಿ ಅಣ್ಣಾ. ನನ್ನಂಗ ಕಾಣ್ತಿ."

ನನಗೆ ಖುಷಿಯಾಯಿತು. ಇಬ್ಬರೂ ಹೋಗಿ ನಮ್ಮ ಕೇರಿಯ ಬೇವಿನಮರದ ಕೆಳಗೆ ಕೂತೆವು. ಹುಟ್ಟೋ ಕೂಸು ಗಂಡೋ ಹೆಣ್ಣೋ, ಏನು ಹೆಸರಿಡೋಣ ಅಂತೆಲ್ಲಾ ಹರಟೆ. ಅದೇ ಹೊತ್ತಿಗೆ ಗೌಡರ ಬಂಡಿ ಬಂತು. ಜೋಳದ ಚೀಲ ಹೇರಿದ ಬಂಡಿ. ನಮ್ಮ ಕಣ್ಣೆದುರೇ ಒಂದು ಚೀಲ ಜಾರಿ ಧಡ್ ಅಂತ ಬಿತ್ತು. ಹಿಂದೆ ಗೌಡರು ಕೊಡೆ ಹಿಡಿದು ನಡೆದು ಬರುತ್ತಿದ್ದರು. ವಯಸ್ಸಾಗಿದೆ, ಕಣ್ಣು ಮಂಜು.

"ಲೇ ದುರುಗ್ಯಾ! ಬಾಜೂಕ ಕುಂತಾಂವ ಯಾಂವಲೇ? ಇಬ್ರೂ ಬರ್ರಲೇ, ಚೀಲ ಎತ್ರಿ!"

ನಾನು ಎದ್ದೆ.

ಎದ್ದೆ ಅನ್ನುವುದು ತಪ್ಪು. ಕಾಲು ತಾವೇ ಎದ್ದವು. ಆಫೀಸು, ಸಹಿ, ಕುರ್ಚಿ, ಒಂದೂ ನೆನಪಾಗಲಿಲ್ಲ. ಜುಬ್ಬದ ತೋಳು ಮಡಚುತ್ತಾ ಓಡಿ ಹೋಗಿ ಚೀಲದ ತುದಿಗೆ ಕೈ ಹಾಕಿದ ಮೇಲೇ ನನಗೆ ಎಚ್ಚರ ಬಂದದ್ದು. ಚಿಕ್ಕಂದಿನಲ್ಲಿ ಆ ದನಿ ಕೇಳಿ ಎದ್ದ ಕಾಲು ಅವು. ಎಷ್ಟು ಓದಿಸಿದರೂ ಮರೆತಿಲ್ಲ.

ಗೌಡರು ಹತ್ತಿರ ಬಂದು ಕಣ್ಣು ಕಿರಿದು ಮಾಡಿ ನೋಡಿದರು. ಕನ್ನಡಕ ಕಾಣಿಸಿತು, ಕೈಗಡಿಯಾರ ಕಾಣಿಸಿತು. "ಅಯ್ಯಯ್ಯ! ಸಾಹೇಬ್ರಾ, ನೀವಾ? ಅರಿವಿ ನೋಡಿ ಗುರ್ತ ಹತ್ತಲಿಲ್ಲ ನೋಡ್ರಿ. ಬಿಡ್ರಿ ಬಿಡ್ರಿ, ನೀವ್ಯಾಕ ಎತ್ತತೀರಿ?"

ಅದೇ ಉಸಿರಿನಲ್ಲಿ ಆ ಕಡೆ ತಿರುಗಿದರು. "ಲೇ ದುರುಗ್ಯಾ, ನೀನೊಬ್ಬನಾ ಎತ್ತಲೇ. ಸಾಹೇಬ್ರು ಕೈ ಹಚ್ಚಾಕತ್ತಾರ, ಖಬರಿಲ್ಲೇನು ನಿನಗ?"

ಗೌಡರು ಕೆಟ್ಟವರಲ್ಲ. ನನಗೆ ಅವಮಾನ ಮಾಡಬೇಕು ಅಂತ ಅವರ ಮನಸ್ಸಿನಲ್ಲಿ ಇರಲೂ ಇಲ್ಲ. ನಿಜ ಹೇಳಬೇಕಂದರೆ ಮರ್ಯಾದೆಯನ್ನೇ ಕೊಟ್ಟರು. ಆದರೆ ಒಂದೇ ಹೊಟ್ಟೆಯಲ್ಲಿ ಹುಟ್ಟಿದ ಇಬ್ಬರು, ಒಂದೇ ಚೀಲದ ಎರಡು ತುದಿ ಹಿಡಿದು ನಿಂತಿದ್ದೆವು. ಒಬ್ಬ ಸಾಹೇಬ್ರು. ಇನ್ನೊಬ್ಬ ದುರುಗ್ಯಾ. ನನ್ನ ಮೈ ಉರಿಯಿತು. ನಾನು ಚೀಲ ಬಿಡಲಿಲ್ಲ. ಗೌಡರಿಗೆ ಮುಜುಗರ. ದುರುಗಪ್ಪನಿಗೆ ಅದಕ್ಕಿಂತ ಹೆಚ್ಚು. "ಬಿಡೋ ಅಣ್ಣಾ, ಮಂದಿ ನೋಡಾಕತ್ತಾರ" ಅಂತ ಗೊಣಗಿದ. ಎತ್ತಿ ಬಂಡಿಗೆ ಹಾಕಿದೆವು.

ಮಂದಿ ಅಷ್ಟೇ ಅಲ್ಲ, ಬಾಗಿಲಿಂದ ಅವ್ವನೂ ನೋಡಿದ್ದಳು.

"ಆತೇನು ಆರಾಮ?" ಅಂದಳು, ನಾನು ಹೊಸ್ತಿಲು ದಾಟುವ ಮೊದಲೇ. "ಗಾಳಿ ಚಲೋ ಆಡ್ತೇನು?"

ನಾನು ಜುಬ್ಬಕ್ಕೆ ಹತ್ತಿದ ಜೋಳದ ಧೂಳು ಕೊಡವಿದೆ.

"ನೀ ಪ್ಯಾಂಟ್ ಹಾಕ್ಕಂಡು ಬೂಟ್ ಹಾಕ್ಕಂಡು ಬಂದು ಹೋಗ್ತಿಯಲ್ಲ, ಮುಂದ ನಾಕು ದಿನ ಇವನಿಗೆ ದುರುಗಪ್ಪ ಅಂತಾರ. ನನಗ ಸಾಹೇಬ್ರ ತಾಯಿ ಅಂತಾರ. ಕಿರಾಣಿ ಅಂಗಡ್ಯಾಗ ಮೊದಲ ನಮಗ ಕೊಡ್ತಾರ. ಆ ನಾಕು ದಿನದ ಸಲುವಾಗಿ ನಾ ದಾರಿ ಕಾಯ್ತೀನಿ. ಆ ಪ್ಯಾಂಟು ನಿನ್ನೊಬ್ಬಂದು ಅಂತ ತಿಳಕಂಡಿಯೇನು? ಮನಿ ಮಂದಿಯೆಲ್ಲಾ ಹಾಕ್ಕಂತೀವೋ ಯಪ್ಪಾ ಅದನ್ನ!"

ಅಂದವಳೇ ಅತ್ತುಬಿಟ್ಟಳು. (ಅಂಕಣ ಬರೆಯುವವನ ಬಾಯಿ ಮುಚ್ಚಿಸುವುದು ಸುಲಭವಲ್ಲ. ಅವತ್ತು ಮುಚ್ಚಿತು.)

ಕಣ್ಣು ಒರೆಸಿಕೊಂಡು ಟ್ರಂಕು ತೆಗೆದಳು. ತಳದಿಂದ ಹೊರಬಂದದ್ದು ನನ್ನ ಮೊದಲ ಪ್ಯಾಂಟು! ದೇವದುರ್ಗದಲ್ಲಿ ನೌಕರಿಗೆ ಸೇರಿದಾಗ ಅಲ್ಲಿನ ಬಜಾರಿನಲ್ಲಿ ಹೊಲಿಸಿದ್ದು. ಬೆಲ್‌ಬಾಟಮ್. ಆಗ ನಾನು ಬಡಕಲು, ಕೂದಲು ಕಿವಿ ಮೇಲೆ, ನಡೆದರೆ ಪ್ಯಾಂಟು ರಸ್ತೆ ಗುಡಿಸುತ್ತಿತ್ತು. ಅದನ್ನು ಅವ್ವ ಇಷ್ಟು ವರ್ಷ ಇಟ್ಟಿದ್ದಾಳೆ ಅಂತ ನನಗೆ ಗೊತ್ತೇ ಇರಲಿಲ್ಲ.

ಹಿತ್ತಾಳೆ ತಂಬಿಗೆಯಲ್ಲಿ ಒಲೆಯ ಕೆಂಡ ತುಂಬಿದಳು. ಅರಿವೆ ಸುತ್ತಿ ಕಂಠ ಹಿಡಿದು, ಕಂಬಳಿ ಮೇಲೆ ಹಾಸಿದ ಪ್ಯಾಂಟಿನ ಮೇಲೆ ಒತ್ತಿ ಒತ್ತಿ ಎಳೆದಳು. ನಾನು ಶಾಲೆಗೆ ಹೋಗುವಾಗ ನನ್ನ ಚಡ್ಡಿಗೂ ಹೀಗೇ ಇಸ್ತ್ರಿ ಮಾಡುತ್ತಿದ್ದಳು. ಕೂಲಿಗೆ ಹೋಗುವ ಮೊದಲು, ದಿನಾ. ಕೇರಿಯಲ್ಲಿ ನಗುತ್ತಿದ್ದರು.

ದುರುಗಪ್ಪ ಗೋಡೆಗೆ ಒರಗಿ ನೋಡುತ್ತಿದ್ದ. "ಬ್ಯಾಡ ಬಿಡಬೇ. ಅಣ್ಣ ಬಂದಾಗಷ್ಟ ದುರುಗಪ್ಪ ಆಗಾಕ ನನಗೂ ಸಾಕಾಗ್ಯಾದ."

"ಸುಮ್ನಿರಲೇ! ಬೀಗರು ಬರಾಕತ್ತಾರ. ಗೌಡ್ರ ಬಂಡಿ ಹೊಳ್ಳಿ ಇದಾ ದಾರ್ಯಾಗ ಬರ್ತದ. ಹೆಂಡ್ತಿ ತವರಮನಿಯವರ ಮುಂದ ದುರುಗ್ಯಾ ಅನ್ನಿಸ್ಕಂತಿಯೇನು?"

ಅವನು ಕಂಬಳಿ ಮೇಲಿನ ಪ್ಯಾಂಟು ಎತ್ತಿ ನನ್ನ ಕೈಗೆ ಕೊಟ್ಟ. ನಾನು ಪ್ಯಾಂಟು ಹಾಕಿಕೊಂಡೆ.

ಹಾಕಿಕೊಂಡೆ ಅಂತ ಒಂದು ಮಾತಿನಲ್ಲಿ ಹೇಳಿಬಿಟ್ಟೆ. ಪಾದದ ಹತ್ತಿರ ಇಬ್ಬರು ಹಿಡಿಸುವಷ್ಟು ಅಗಲ, ಸೊಂಟದ ಹತ್ತಿರ ಅರ್ಧ ಮನುಷ್ಯನಿಗೂ ಇಕ್ಕಟ್ಟು. ಉಸಿರು ಒಳಗೆಳೆದು, ಅವ್ವ ಒಂದು ಕಡೆ, ತಮ್ಮ ಒಂದು ಕಡೆ ಎಳೆದು ಗುಂಡಿ ಹಾಕಿದರು. ಉಸಿರು ಬಿಡುವ ಹಾಗಿರಲಿಲ್ಲ. ಕೆಂಡದ ಬಿಸಿ ಬಟ್ಟೆಯಲ್ಲಿ ಇನ್ನೂ ಇತ್ತು. ಹೊರಗೆ ಆ ಬಿಸಿಲು!

ಬೀಗರು ಬುಟ್ಟಿ ಹೊತ್ತು ಬೇವಿನಮರದ ಹತ್ತಿರ ಬಂದರು. ಎದುರುಗೊಳ್ಳಲು ನಾನು, ಪಕ್ಕದಲ್ಲಿ ದುರುಗಪ್ಪ. ಅವ್ವ ಹೇಳಿದ ಹಾಗೇ ಅದೇ ಹೊತ್ತಿಗೆ ಖಾಲಿ ಬಂಡಿ ಹಿಂದಕ್ಕೆ ಬಂತು. ಈ ಸಲ ಗೌಡರು ಬಂಡಿಯಲ್ಲಿ ಕೂತಿದ್ದರು. ನಾನು ಪ್ಯಾಂಟಿನ ಗೆರೆ ನೀವಿಕೊಂಡು ಸೆಟೆದು ನಿಂತೆ. ಮೇಲಿನ ಸಾಹೇಬರ ತಪಾಸಣೆಯಲ್ಲೂ ಹಾಗೆ ನಿಂತಿರಲಿಲ್ಲ.

ಗೌಡರು ನನ್ನನ್ನು ನೋಡಿದರು. ಪ್ಯಾಂಟು ನೋಡಿದರು. ಆಮೇಲೆ ತಮ್ಮನ ಕಡೆ ತಿರುಗಿದರು.

"ಏನು ದುರುಗಪ್ಪಾ, ಬೀಗರು ಬಂದ್ರೇನು?"

"ಹೂಂ ಗೌಡ್ರ" ಅಂದ ದುರುಗಪ್ಪ. ಅವನ ಮಾವನ ಬೆನ್ನು ನೆಟ್ಟಗಾದದ್ದನ್ನು ನಾನು ನೋಡಿದೆ. ಬಾಗಿಲಲ್ಲಿ ನಿಂಗಮ್ಮ ಸೆರಗು ಬಾಯಿಗೆ ಒತ್ತಿಕೊಂಡು ನಿಂತಿದ್ದಳು. ಅವ್ವನ ಮುಖ ನೋಡಬೇಕಿತ್ತು ನೀವು. ದುರುಗಪ್ಪ ಮಾತ್ರ ಗೌಡರ ಮುಖ ನೋಡಲಿಲ್ಲ, ಬೀಗರ ಮುಖ ನೋಡಲಿಲ್ಲ. ತಲೆ ತಗ್ಗಿಸಿ ನನ್ನ ಪ್ಯಾಂಟು ನೋಡುತ್ತಿದ್ದ.

ಮುಂದಿನದು ನಿಮಗೆ ಗೊತ್ತು. ನಿಂಗಮ್ಮನಿಗೆ ಬಳೆ ಇಡಿಸಿ, ಉಡಿ ತುಂಬಿ, ಊಟಕ್ಕೆ ಕೂತೆವು. ಚಕ್ಕಳಮಕ್ಕಳ ಹಾಕಿ ಬುಟ್ಟಿಗೆ ಕೈ ಚಾಚಿದೆ. ಟಪ್!

ಬೀಗರು ನಕ್ಕರು, ನಿಂಗಮ್ಮ ನಕ್ಕಳು, ಅವ್ವ ಹಣೆ ಹಣೆ ಬಡಿದುಕೊಂಡು ನಕ್ಕಳು. ದುರುಗಪ್ಪ ಹೆಗಲ ಮೇಲಿನ ಟವೆಲ್ಲು ತೆಗೆದು ನನ್ನ ಸೊಂಟಕ್ಕೆ ಬಿಗಿದ. ಅದೇ ವೇಷದಲ್ಲಿ ಎರಡು ಹೋಳಿಗೆ ಹೆಚ್ಚಿಗೆ ತಿಂದೆ.

ಸಂಜೆ ಪೈಜಾಮ ಹಾಕಿಕೊಂಡು ಹೊರಟೆ. (ಅವ್ವನ ಅನುಮತಿ ಸಿಕ್ಕಿತು, ಬೀಗರು ಹೋಗಿಯಾಗಿತ್ತು.) ಪ್ಯಾಂಟನ್ನು ಗುಂಡಿ ಹಚ್ಚಿಸಿ ತರಲು ಚೀಲದಲ್ಲಿ ಇಟ್ಟುಕೊಟ್ಟಳು. ಬಸ್ಸಿನ ತನಕ ತಮ್ಮ ಬಂದ. ಬಸ್ಸು ಕಂಡ ಮೇಲೆ ಬಾಯಿ ಬಿಟ್ಟ.

"ಮುಂದಿನ ಸಲ ಇದರಾಗ ಬಾ ಅಣ್ಣಾ. ಆರಾಮಾಗಿ ಬಾ."

"ಅವ್ವ ಬೈತಾಳಲ್ಲೋ."

"ಬೈಲಿ. ನಾಳಿಂದ ಯಾರಾರ ದುರುಗ್ಯಾ ಅಂದ್ರ ನಾ ಓ ಅನ್ನಂಗಿಲ್ಲ. ಗೌಡ್ರು ಅಂದ್ರೂ ಅನ್ನಂಗಿಲ್ಲ. ಹುಟ್ಟೋ ಕೂಸು ಕೇಳಿಸ್ಕಂತದ ಅಣ್ಣಾ."

ಭೇಷ್ ಅನ್ನಬೇಕಿತ್ತೋ, ಜೋಕೆ ಅನ್ನಬೇಕಿತ್ತೋ ತಿಳಿಯಲಿಲ್ಲ. ಗೌಡರ ಹೊಲದಲ್ಲೇ ಅವನ ಕೆಲಸ. ಓ ಅನ್ನದಿದ್ದರೆ ನಾಳೆ ಏನಾಗುತ್ತದೋ! ಅವನ ಭುಜ ಹಿಡಿದೆ, ಬಸ್ಸು ಹತ್ತಿದೆ. ಕಿಟಕಿಯಿಂದ ಗಾಳಿ ಬೇಕಾದಷ್ಟು ಬರುತ್ತಿತ್ತು. ಬೆಳಗಿನ ಸುಖ ಮಾತ್ರ ಬರಲಿಲ್ಲ.

ನಾನು ಇದನ್ನು ಬರೆಯುವಾಗ ಶಾಂತಾ ಪಕ್ಕದಲ್ಲೇ ಕೂತು ಆ ಪ್ಯಾಂಟಿಗೆ ಗುಂಡಿ ಹಚ್ಚುತ್ತಿದ್ದಾಳೆ, ಎರಡೆಳೆ ದಾರ ಹಾಕಿ. "ಗಟ್ಟಿ ಹಚ್ಚು" ಅಂತ ಹೇಳಿದ್ದೇನೆ. ದುರುಗಪ್ಪನ ಮಾತು ಗೆಲ್ಲುವ ತನಕ ಬೇಕಾಗುತ್ತದಲ್ಲ.

ಆದರೂ ಹೇಳಿ, ಒಬ್ಬ ಮನುಷ್ಯನ ಹೆಸರು ಇನ್ನೊಬ್ಬನ ಪ್ಯಾಂಟಿನ ಗುಂಡಿ ಮೇಲೆ ನಿಲ್ಲಬೇಕೇನು?