ಶಿವಲೀಲಾ ಅಂಟಿಸಿದ ಟಿಕೆಟ್‌ಗಳು

ನಾನು ನಿಂತಿದ್ದು ರಸಾಯನಶಾಸ್ತ್ರ ಲ್ಯಾಬಿನ ಎರಡನೇ ಮೇಜಿನ ಎಡಕ್ಕೆ, ಸಿಂಕಿನ ಪಕ್ಕ. ಎಂ.ಎಸ್ಸಿ. ಕೊನೆಯ ಸೆಮಿಸ್ಟರಿನ ವೈವಾ; ಬೆಳಗ್ಗೆ ಹನ್ನೊಂದು ದಾಟಿ ಹತ್ತು ನಿಮಿಷ. ಎರಡು ಹೆಜ್ಜೆ ಮುಂದೆ ಶಿವಲೀಲಾ, ಕಾಲಬುಡದಲ್ಲಿ ಅವಳ ಬಾಟಲಿಚೀಲ. ಕಂಡಷ್ಟನ್ನೇ ಬರೆಯುತ್ತೇನೆ.

ನಮ್ಮದು ನಾಲ್ವರ ತಂಡ: ಜಗಳೂರಿನ ಶಿವಲೀಲಾ, ಹೊನ್ನಾಳಿಯ ಬಸವರಾಜ, ನ್ಯಾಮತಿಯ ತಿಪ್ಪೇಶ, ಚನ್ನಗಿರಿಯ ನಾನು. ಪ್ರತಿಯೊಬ್ಬರೂ ತಮ್ಮ ತಾಲ್ಲೂಕಿನ ಬೋರ್‌ವೆಲ್ ನೀರು ತಂದು ಫ್ಲೋರೈಡ್ ಅಳೆಯಬೇಕಿತ್ತು. ನಾವು ಮೂವರೂ "ಮುಂದಿನ ವಾರ" ಎನ್ನುತ್ತಲೇ ಉಳಿದೆವು. ಅವಳು ಖಾಸಗಿ ಬಸ್ಸುಗಳನ್ನು ಬಿಟ್ಟು, ಸರ್ಕಾರಿ ಬಸ್ಸಿಗೇ ಕಾದು, ನಾಲ್ಕೂ ತಾಲ್ಲೂಕು ಸುತ್ತಿದಳು. ಕಾರಿಡಾರಿನಲ್ಲಿ ಬಾಟಲಿಗಳ ಲೊಡಲೊಡ ಸದ್ದು ಕೇಳಿದರೆ ನಾವು ಕ್ಯಾಂಟೀನಿಗೆ ಪರಾರಿ.

ಒಮ್ಮೆ ನಮ್ಮ ಚನ್ನಗಿರಿ ತಾಲ್ಲೂಕಿನ ಕತ್ತಲಗೆರೆಯಿಂದ ನೇರವಾಗಿ ಅಲ್ಲಿಗೇ ಬಂದಳು.

"ನಿಮ್ಮೂರ ನೀರು ಕುಡ್ದು ಬೆಳ್ದೋರು ನೀವು. ಅದನ್ನ ಹೊತ್ತು ತರಾಕೆ ಜಗಳೂರಿಂದ ನಾನು ಬರ್ಬೇಕೇನ್ರೋ?"

"ನಿನ್ ಕೈಗುಣ ಚೆನ್ನಾಗೈತೆ ಕಣೇ," ಎಂದ ತಿಪ್ಪೇಶ.

"ನಿನ್ ಕಾಲ್ಗುಣ ಹೆಂಗೈತೆ ಅಂತ ನೋಡಾಕೆ ಅದು ಕ್ಯಾಂಟೀನ್ ಬಿಟ್ಟು ಹೊರಗ್ ಬರ್ಬೇಕಲ್ಲ!"

ವರದಿಯ ಕೊನೆಗೆ ಹೋಗಿಬಂದ ಬಸ್ ಟಿಕೆಟ್ ಅಂಟಿಸಬೇಕೆಂಬುದು ನಮ್ಮ ಗೈಡ್ ಹಾಕಿದ ನಿಯಮ. ಶಿವಲೀಲಾ ಅಂಟಿಸಿದಳು. ನಾವು ನೋಡದೆ ಸಹಿ ಹಾಕಿದೆವು.

ವೈವಾಕ್ಕೆ ಬಂದ ಪರೀಕ್ಷಕರು ಆ ಪುಟವನ್ನೇ ತೆರೆದರು. "ಚನ್ನಗಿರಿಗೆ ಯಾರು ಹೋಗಿದ್ದಿರಿ?"

"ನಾನು ಸರ್."

ಅವರು ಟಿಕೆಟ್ ಮೇಲೆ ಬೆರಳಿಟ್ಟರು. "ಇದು ಹೆಂಗಸರಿಗೆ ಕೊಡೋ ಸೊನ್ನೆ ಟಿಕೆಟ್. ನಿಮಗೆ ಕಂಡಕ್ಟರ್ ಹೇಗೆ ಕೊಟ್ಟ?"

ಹೊನ್ನಾಳಿಯದೂ ಅದೇ, ನ್ಯಾಮತಿಯದೂ ಅದೇ. "ವರದಿಯೇ ಸುಳ್ಳು. ಇಡೀ ತಂಡ ಫೇಲ್," ಎಂದು ಅವರು ಪೆನ್ನಿನ ಮುಚ್ಚಳ ತೆಗೆದರು. ಶಿವಲೀಲಾ ತಿರುಗಿ ನನ್ನನ್ನು ನೋಡಿದಳು.

"ಸರ್, ಸುಳ್ಳು ಹೇಳಿದ್ದು ನಾನು. ನಾವು ಮೂವರೂ ಎಲ್ಲಿಗೂ ಹೋಗಿಲ್ಲ. ಎಲ್ಲಾ ಮಾಡಿದ್ದು ಇವಳೊಬ್ಬಳೇ," ಎಂದೆ.

ಆಮೇಲಿನದು, ಅಬ್ಬಾ! ಯಾವ ಬೋರು, ಎಷ್ಟು ಆಳ, ಯಾರ ಮನೆ ಮುಂದೆ: ಪ್ರಶ್ನೆಯ ಮೇಲೆ ಪ್ರಶ್ನೆ. ಅವಳು ವರದಿ ಮುಟ್ಟದೆ ಉತ್ತರಿಸಿದಳು. ಚನ್ನಗಿರಿ ಕಡೆಯ ನಲ್ಲೂರಿನ ಫ್ಲೋರೈಡ್ ಅಂಕಿ ತಪ್ಪಿರಬೇಕು ಎಂದರು ಅವರು.

"ತಪ್ಪಿಲ್ಲ ಸರ್, ಮೂರು ಸಲ ಅಳ್ದೀನಿ. ನೀರು ಇಲ್ಲೇ ಐತೆ, ನೀವೇ ನೋಡ್ರಿ!" ಚೀಲ ಬಿಚ್ಚಿಯೇಬಿಟ್ಟಳು.

ಅವರು ಅಳೆದರು. ಲ್ಯಾಬ್ ಅಟೆಂಡರ್ ಹನುಮಕ್ಕ ಒರೆಸುವ ಬಟ್ಟೆ ಕೈಯಲ್ಲೇ ಹಿಡಿದು ಇಣುಕಿದರು. ಮೀಟರಿನಲ್ಲಿ ಅವಳ ಅಂಕಿಯೇ ಬಂತು! ನಮ್ಮ ಪ್ರಾಜೆಕ್ಟ್ ಏನೆಂದು ನಾನು ಮೊದಲ ಸಲ ತಿಳಿದದ್ದು ಅಂದೇ.

ಅವಳು ಪಾಸಾದಳು, ನಾವು ಮೂವರೂ ಫೇಲಾಗಿ ಮತ್ತೆ ನೀರು ತಂದು ಅಳೆಯಬೇಕಾಯಿತು. ಮರುದಿನ ಬಸ್ ನಿಲ್ದಾಣದಲ್ಲಿ ಖಾಲಿ ಬಾಟಲಿಗಳ ಚೀಲವನ್ನು ನನ್ನ ಹೆಗಲಿಗೆ ಹಾಕಿದಳು.

"ಬೇಕಂತ್ಲೇ ಅಂಟಿಸಿದ್ಯಾ?" ಎಂದೆ.

"ಅಂಟಿಸ್ರಿ ಅಂದ್ರು, ಅಂಟಿಸ್ದೆ. ಇದ್ದಿದ್ದೇ ನನ್ವು!" ನಗುತ್ತಾ ಜಗಳೂರಿನ ಬಸ್ ಹತ್ತಿ, ಕಿಟಕಿಯಿಂದ ಕೂಗಿದಳು: "ಈ ಸಲ ನಿನ್ ಟಿಕೆಟ್ ನೀನೇ ತಗೋ ಮಾರಾಯ!"

ಅವಳನ್ನು ಮತ್ತೆ ನೋಡಲಿಲ್ಲ. ಮುಂದಿನ ಮಳೆಗಾಲ ಡೆಂಗಿ ಜ್ವರ ಅವಳನ್ನು ಒಯ್ದಿತು.

ಆ ಬೆಳಗ್ಗೆ ಕಂಡವರು ಇನ್ನೂ ಇದ್ದಾರೆ: ಹೊನ್ನಾಳಿಯಲ್ಲಿ ಬಸವರಾಜ, ನ್ಯಾಮತಿಯಲ್ಲಿ ತಿಪ್ಪೇಶ, ಅದೇ ಲ್ಯಾಬಿನಲ್ಲಿ ಹನುಮಕ್ಕ. ಚನ್ನಗಿರಿಯಲ್ಲಿ ನಾನು.