ಬಾಯಿಬಡುಕಿಯ ಶನಿವಾರಗಳು

ಮನೆಯಲ್ಲಿ ಅವಳಿಗೆ ಬಾಯಿಬಡುಕಿ ಅಂತಲೇ ಹೆಸರು. ಅಂಥವಳು ಸಾಮಾಜಿಕ ನೀತಿ, ಅಪರಾಧ ಎಂದು ವಿಶ್ವವಿದ್ಯಾಲಯದಲ್ಲಿ ಓದುತ್ತ, ಆ ಓದಿನ ಒಂದು ವರ್ಷ ಕಳೆಯಲು ಪರದೇಶಕ್ಕೆ ಹೋಗಿ, ಬಾಯಿಗೆ ಬೀಗ ಬಿದ್ದಂತಾದಳು. ಅಲ್ಲಿಯವರೇನು ಕೆಟ್ಟವರಲ್ಲ. ಎದುರಾದರೆ ನಗುತ್ತಾರೆ, ನಕ್ಕು ಬಾಗಿಲು ಹಾಕಿಕೊಳ್ಳುತ್ತಾರೆ. ರೂಮಿನಲ್ಲಿ ಹೀಟರಿನ ಗೊರಗೊರ ಬಿಟ್ಟರೆ ಬೇರೆ ಸದ್ದಿಲ್ಲ. ಅಮ್ಮ ಫೋನ್ ಮಾಡಿದರೆ, "ಸುತ್ತ ಯಾವಾಗಲೂ ಜನಾನಮ್ಮ, ಪುರುಸೊತ್ತೇ ಇಲ್ಲ" ಎಂದು ಸುಳ್ಳು ಹೇಳಿ ಬೇಗ ಇಟ್ಟುಬಿಡುತ್ತಿದ್ದಳು.

ಓದಿನ ಭಾಗವಾಗಿ, ತನ್ನವರು ಯಾರೂ ನೋಡಲು ಬಾರದ ಒಬ್ಬ ಕೈದಿಯನ್ನು ಶನಿವಾರಕ್ಕೊಮ್ಮೆ ಜೈಲಿಗೆ ಹೋಗಿ ಮಾತಾಡಿಸಬೇಕಿತ್ತು. ಅವಳಿಗೆ ಸಿಕ್ಕವನು, ಕಳ್ಳಮಾಲು ಸಾಗಿಸಿ ಸಿಕ್ಕಿಬಿದ್ದ, ಅವಳದೇ ಭಾಷೆಯ ಲಾರಿ ಡ್ರೈವರ್. ಅವಳು ಗಂಭೀರವಾಗಿ ಮೊದಲ ಪ್ರಶ್ನೆ ತೆಗೆಯುವಷ್ಟರಲ್ಲಿ ಅವನೇ, "ಊಟ ಆಯ್ತೇನಮ್ಮಾ?" ಎಂದ. ಪುಣ್ಯಾತ್ಗಿತ್ತಿ ಗಳಗಳನೆ ಅತ್ತುಬಿಟ್ಟಳು. ಏನಾಯಿತೋ ತಿಳಿಯದ ಕಾವಲುಗಾರ ಅವನನ್ನೇ ಗದರಿದ.

ಆಮೇಲೆ ಶನಿವಾರ ಬಂತೆಂದರೆ ಅವಳಿಗೆ ಹೋದ ಜೀವ ಬಂದಂತೆ. ವಾರವಿಡೀ ಕೂಡಿಟ್ಟ ಮಾತನ್ನೆಲ್ಲ ಆ ಕಬ್ಬಿಣದ ಮೇಜಿನ ಮುಂದೆ ಸುರಿಯುತ್ತಿದ್ದಳು.

"ಜೈಲಲ್ಲಿರೋದು ನಾನೋ ನೀನೋ?" ಎಂದು ಅವನು ನಗುತ್ತಿದ್ದ.

ಚಳಿ ಇಳಿಯುವ ಹೊತ್ತಿಗೆ ಅವನ ಬಿಡುಗಡೆಯ ಮಾತು ಬಂತು. ಬಿಟ್ಟರೆ ನೇರ ಅವನ ದೇಶಕ್ಕೇ ಕಳಿಸುತ್ತಾರೆ. ಜೈಲಿನ ಮೇಲಧಿಕಾರಿ ಅವಳನ್ನು ಕರೆಸಿ, "ಅವನನ್ನು ಹತ್ತಿರದಿಂದ ಬಲ್ಲವಳು ನೀನೊಬ್ಬಳೇ. ಈಗಲೇ ಬಿಡೋಣವೋ, ಇನ್ನಷ್ಟು ತಿಂಗಳು ನೋಡೋಣವೋ?" ಎಂದು ಕೇಳಿದ.

"ನೋಡೋಣ" ಎನ್ನುವುದು ನಾಲಿಗೆ ತುದಿಗೆ ಬಂದಿತ್ತು. ಅಂದಿದ್ದರೆ ಯಾರೂ ತಪ್ಪು ಹಿಡಿಯುತ್ತಿರಲಿಲ್ಲ. ತನಗೆ ಬೇಜಾರೆಂದು ಇನ್ನೊಬ್ಬನನ್ನು ಜೈಲಿನಲ್ಲಿಡಲು ಹೊರಟೆನಲ್ಲ ಎಂದು ಅವಳಿಗೆ ತನ್ನ ಮೇಲೇ ಹೇಸಿಗೆಯಾಯಿತು.

"ಬಿಟ್ಟುಬಿಡಿ. ಊರಲ್ಲಿ ಅವನ ಮಗಳು ಕಾಯ್ತಿದ್ದಾಳೆ."

ಅವನು ಹೋದ. ಮುಂದಿನ ಶನಿವಾರ ಅವಳ ಕಾಲು ತಾನಾಗಿ ಅದೇ ದಾರಿ ಹಿಡಿಯಿತು.

"ಅವನು ಹೋದನಲ್ಲ, ಗೊತ್ತಿಲ್ವಾ?" ಎಂದ ಕಾವಲುಗಾರ.

"ಗೊತ್ತು" ಎಂದವಳು ಗೇಟಿನಾಚೆಯ ಬೆಂಚಿನ ಮೇಲೆ ಕೂತಳು. ಅಮ್ಮನಿಗೆ ಫೋನ್ ಮಾಡಿದಳು.

"ಅಮ್ಮಾ, ಇಲ್ಲಿ ನಂಗೆ ಯಾರೂ ಇಲ್ಲಮ್ಮ."

ಆ ಕಡೆ ಕುಕ್ಕರಿನ ಸದ್ದು ನಿಂತಿತು.

"ಗೊತ್ತು ಕಣೇ. ನೀನು ಮಾತು ಕಮ್ಮಿ ಮಾಡಿದಾಗಲೇ ಗೊತ್ತಾಯ್ತು. ಒಲೆ ಆರಿಸಿದೀನಿ, ಹೇಳು."