ಹಿಂದೆ ಹಾಕಿದ ತೂಕ

ನವಲಗುಂದದ ಕಡೆಯ ಎರೆ ಮಣ್ಣು ಮಳೆಯಲ್ಲಿ ನೆನೆದರೆ ಮೊದಲು ಟೈರಿನ ಹಲ್ಲುಗಳನ್ನು ಮುಚ್ಚುತ್ತದೆ. ಆಮೇಲೆ ಗಾಲಿ ತಿರುಗುತ್ತಿದ್ದರೂ ಗಾಡಿ ಮಾತು ಕೇಳುವುದಿಲ್ಲ. ಎಸ್ಸೆಸ್ಸೆಲ್ಸಿ ಮುಗಿಸಿದ ಮೇಲೆ ನಾನು ಕಲಿತ ಒಂದೇ ವಿದ್ಯೆ ಆ ಮಣ್ಣಿನಲ್ಲಿ ಕಾರು ಓಡಿಸುವುದು. ನಮ್ಮೂರ ಸಾಹುಕಾರರ ಡ್ರೈವರಾಗಿದ್ದೆ.

ಅವರ ಹಳೆಯ ಕಾರು ಭಾರದ್ದು. ಎಂಜಿನು ಮುಂದಿದ್ದರೂ ಅದರ ಬಲವೆಲ್ಲ ಹಿಂದಿನ ಗಾಲಿಗಳಿಗೆ ಹೋಗುತ್ತಿತ್ತು. ಕೆಸರಿನಲ್ಲಿ ಅದರ ಹಿಂಭಾಗ ಪಕ್ಕಕ್ಕೆ ಸರಿಯುತ್ತಿತ್ತು. ಆಗ ಆಕ್ಸಿಲರೇಟರ್ ಮೇಲಿನ ಕಾಲು ಹಗುರ ಮಾಡಿ, ಹಿಂಭಾಗ ಸರಿದ ಕಡೆಗೇ ಸ್ಟೇರಿಂಗ್ ತಿರುಗಿಸಿದರೆ ಸಾಕು, ನೆಟ್ಟಗಾಗುತ್ತಿತ್ತು. ಹೊರಡುವ ಮೊದಲೇ ಡಿಕ್ಕಿಯಲ್ಲಿ ಜೋಳದ ಚೀಲ ಹಾಕಿ, ಹಿಂದಿನ ಬಂಪರಿನ ಮೇಲೆ ಇಬ್ಬರನ್ನು ನಿಲ್ಲಿಸಿಕೊಳ್ಳುವುದು ನಮ್ಮೂರ ಪದ್ಧತಿ. "ತೂಕಾ ಹಾಕ್ರೆಪ್ಪಾ" ಎಂದು ನಾನು ಕೂಗಿದರೆ ಕಟ್ಟೆಯ ಮೇಲೆ ಕೂತವರು ನಾ ಮೊದಲು ತಾ ಮೊದಲು ಎಂದು ಓಡಿ ಬರುತ್ತಿದ್ದರು.

ಎಂಬತ್ತರ ದಶಕದ ನಡುವೆ ಸಾಹುಕಾರರು ಹೊಸ ಸಣ್ಣ ಕಾರು ತರಿಸಿದರು. ಹುಬ್ಬಳ್ಳಿಯಿಂದ ಅದನ್ನು ಓಡಿಸಿಕೊಂಡು ಬಂದ ಮೆಕ್ಯಾನಿಕ್ ಬಾನೆಟ್ ಎತ್ತಿ ತೋರಿಸಿದ.

"ಅಣ್ಣಾರ, ಇದು ಮುಂದಿನ ಗಾಲಿ ಮ್ಯಾಲೆ ಎಳೀತೈತಿ. ಹಿಂದಿನ್ವು ಸುಮ್ನ ಉಳ್ಳತಾವು. ಕೆಸರಾಗ ಹಿಂದ ತೂಕಾ ಹಾಕಬ್ಯಾಡ್ರಿ, ಮೂಗು ಎತ್ತತೈತಿ, ಮುಂದಿನ ಗಾಲಿ ನೆಲಾ ಹಿಡಿಯಾಂಗಿಲ್ಲ."

"ಎತ್ತು ಮುಂದ ಎಳೀತಾವಂತ ಹೇರು ಎತ್ತಿನ ಬೆನ್ನ ಮ್ಯಾಲೆ ಹೇರ್ತಾರೇನಲೇ?" ಎಂದೆ. ಸುತ್ತ ನಿಂತವರು ನಕ್ಕರು. ಅವನೂ ನಕ್ಕು ಚಹಾ ಕುಡಿದು ಬಸ್ಸು ಹತ್ತಿದ.

ಆ ವರ್ಷ ಹಿಂಗಾರಿ ಮಳೆ ಜೋರಾಗಿತ್ತು. ಸಾಹುಕಾರರ ಹೊಲದಲ್ಲಿ ದುಡಿಯುವವನೊಬ್ಬ, ನನ್ನ ವಾರಿಗೆಯವ, ಮಧ್ಯಾಹ್ನ ಓಡುತ್ತ ಬಂದ. ಅವನ ಹೆಂಡತಿಗೆ ಬೆಳಗಿನಿಂದ ಬೇನೆ ಎದ್ದಿತ್ತು. ಕೂಸು ಅಡ್ಡಾಗಿದೆ, ದವಾಖಾನೆಗೇ ಒಯ್ಯಬೇಕು ಎಂದು ಸೂಲಗಿತ್ತಿ ಹೇಳಿದ್ದಳು. "ತಗೊಂಡ್ ಹೋಗಪಾ, ತಡಾ ಮಾಡಬ್ಯಾಡ" ಎಂದು ಸಾಹುಕಾರರು ನನಗೆ ಹೊಸ ಕಾರಿನ ಕೀಲಿ ಕೊಟ್ಟರು.

ಅವಳನ್ನೂ ಅವಳ ತಾಯಿಯನ್ನೂ ಹಿಂದಿನ ಸೀಟಿನಲ್ಲಿ ಕೂರಿಸಿದೆವು. ಡಿಕ್ಕಿಯಲ್ಲಿ ಜೋಳದ ಚೀಲ ಹಾಕಿಸಿದೆ. ಗಂಡ ಮುಂದಿನ ಬಾಗಿಲಿಗೆ ಕೈ ಹಚ್ಚಿದ. ನನ್ನ ಪಕ್ಕದ ಆ ಸೀಟು ಸಾಹುಕಾರರದು. ಅದಕ್ಕೆ ಬಿಳಿ ಟವೆಲ್ ಹೊದಿಸಿತ್ತು. ಅವನ ಕಾಲುಗಳು ಮೊಣಕಾಲಿನ ತನಕ ಕೆಸರಾಗಿದ್ದವು.

"ಅಲ್ಲಲ್ಲೋ. ಹಿಂದ ಚೀಲದ ಮ್ಯಾಲೆ ಕೂಡು, ತೂಕಾ ಆಗತೈತಿ" ಎಂದೆ.

ಡಿಕ್ಕಿಯ ಬಾಗಿಲನ್ನು ಮೇಲೆತ್ತಿ ಹಗ್ಗದಿಂದ ಕಟ್ಟಿದೆ. ಅವನು ನಮ್ಮೆಲ್ಲರಿಗೂ ಬೆನ್ನು ಮಾಡಿ, ಕಾಲು ಹೊರಗೆ ಇಳಿಬಿಟ್ಟು ಕೂತ. ಮೆಕ್ಯಾನಿಕ್ ಹೇಳಿದ್ದು ಆಗ ನನಗೆ ನೆನಪಿರಲಿಲ್ಲ ಎಂದು ಎಷ್ಟೋ ವರ್ಷ ನನಗೆ ನಾನೇ ಹೇಳಿಕೊಂಡಿದ್ದೇನೆ. ನೆನಪಿತ್ತು.

ಊರಿಂದ ಡಾಂಬರು ರಸ್ತೆ ಮುಟ್ಟುವ ಮೊದಲು ಒಡ್ಡಿನ ಹತ್ತಿರ ಒಂದು ತಿರುವು. ಅಲ್ಲಿ ಸ್ಟೇರಿಂಗ್ ತಿರುಗಿಸಿದೆ. ಗಾಲಿಗಳು ತಿರುಗಿದವು, ಕಾರು ತಿರುಗಲಿಲ್ಲ, ಸೀದಾ ಹೊರಟಿತು. ಹಿಂಭಾಗ ಜಾರಿದ್ದರೆ ನನಗೆ ಗೊತ್ತಿತ್ತು. ಮೂಗೇ ಜಾರಿದರೆ ಏನು ಮಾಡಬೇಕೆಂದು ಗೊತ್ತಿರಲಿಲ್ಲ. ಕಾಲು ಹಗುರ ಮಾಡಿದ್ದರೆ ಮುಂದಿನ ಗಾಲಿ ಮಣ್ಣು ಹಿಡಿಯುತ್ತಿತ್ತೋ ಏನೋ. ನಾನು ಇನ್ನಷ್ಟು ಒತ್ತಿದೆ. ಕಾರು ಹಾದಿ ಬಿಟ್ಟು ತಗ್ಗಿನ ಕಡೆ ವಾಲಿದ್ದು ತಿಳಿದು ಗಂಡ ಹೊರಗೆ ಜಿಗಿದ. ಮರುಕ್ಷಣ ನಾವು ತಗ್ಗಿನ ನೀರಿನಲ್ಲಿದ್ದೆವು.

ಹೊಲದಲ್ಲಿದ್ದವರು ಓಡಿ ಬಂದು ಅವಳನ್ನು ಕಂಬಳಿಯಲ್ಲಿ ಹೊತ್ತರು. ಡಾಂಬರು ರಸ್ತೆ ಕಾಣುವಷ್ಟರಲ್ಲಿ ಕೂಸು ಹುಟ್ಟಿತು. ಅಳಲಿಲ್ಲ. ಗಂಡುಕೂಸು. ತಾಯಿ ಮಾತ್ರ ಉಳಿದಳು.

ಸಂಜೆ ಸಾಹುಕಾರರು ಜನರ ಮುಂದೆಯೇ ಕೇಳಿದರು, "ಹೆಂಗಾತೋ?"

"ಹಿಂದ ಕುಂತಾಂವ ಜಿಗದಾರಿ. ತೂಕಾ ತಪ್ಪಿ ಗಾಡಿ ಜಾರಿತು."

ಯಾರೂ ಮರುಪ್ರಶ್ನೆ ಹಾಕಲಿಲ್ಲ. ತೂಕ ತಪ್ಪಿದರೆ ಕಾರು ಜಾರುತ್ತದೆ ಎಂದು ನಮ್ಮೂರಲ್ಲಿ ಯಾರಿಗೆ ಗೊತ್ತಿಲ್ಲ? ಅವನು ಅಲ್ಲೇ ಕಂಬಕ್ಕೆ ಒರಗಿ ನಿಂತಿದ್ದ. ಎಲ್ಲರೂ ಅವನ ಕಡೆ ನೋಡಿದರು. "ಹೌದ್ರಿ. ನಾ ಜಿಗದೆ" ಎಂದ.

ಒಂದೆರಡು ವಾರದ ಮೇಲೆ ಮತ್ತೆ ಮಳೆ ಬಂತು. ಸಾಹುಕಾರರನ್ನು ಪಕ್ಕದಲ್ಲಿ ಕೂರಿಸಿಕೊಂಡು, ಹಿಂದೆ ಏನೂ ಹಾಕದೆ ಅದೇ ತಿರುವಿಗೆ ಹೋದೆ. ಬೇಕೆಂದೇ ಹೋದೆ. ಕಾರು ಹೇಳಿದ ಹಾಗೆ ತಿರುಗಿತು. "ಛಲೋ ಹೋತಲ್ಲೋ" ಎಂದರು ಸಾಹುಕಾರರು. ಜಾರಿಸಿದ್ದು ಹಿಂದಿನ ತೂಕವೇ ಎಂದು ಅಂದೇ ಹೇಳಬಹುದಿತ್ತು. ನೌಕರಿ ಹೋದೀತೆಂದು ಹೆದರಿದೆ, ಜನ ನಕ್ಕಾರೆಂದು ಅದಕ್ಕಿಂತ ಹೆಚ್ಚು ಹೆದರಿದೆ.

ಅಲ್ಲಿಂದ ಮುಂದಿನದನ್ನು ಬರೆಯುವುದು ಕಷ್ಟ. ಮಳೆಯಲ್ಲಿ ನಾನು ಕಾರು ತೆಗೆದಾಗಲೆಲ್ಲ, ಯಾರೂ ಕರೆಯದಿದ್ದರೂ, ಆ ಕೂಸಿನ ತಂದೆ ಬರುತ್ತಿದ್ದ. ತಾನೇ ಡಿಕ್ಕಿ ಎತ್ತಿ, ಹಗ್ಗ ಕಟ್ಟಿ, ಅಂಚನ್ನು ಎರಡೂ ಕೈಯಿಂದ ಬಿಗಿಯಾಗಿ ಹಿಡಿದು ಕೂಡುತ್ತಿದ್ದ.

"ಬ್ಯಾಡೋ, ಇಳಿ."

"ಇರ್ಲಿ ಬಿಡ್ರಿ ಅಣ್ಣಾರ. ಈ ಸಲಾ ಜಿಗಿಯಾಂಗಿಲ್ಲ."

ಬೇಡ ಏಕೆ ಎಂದು ಅವನು ಕೇಳಲಿಲ್ಲ. ಕೇಳಿದ್ದರೆ ಹೇಳಬೇಕಾಗುತ್ತಿತ್ತು. ಅವನು ಕೂತಷ್ಟೂ ಮೂಗು ಹಗುರಾಗಿ ಕಾರು ಹಾದಿ ಬಿಡುತ್ತಿತ್ತು. ನಾನು ನಡಿಗೆಯ ವೇಗದಲ್ಲಿ ಓಡಿಸುತ್ತಿದ್ದೆ. ಕನ್ನಡಿಯಲ್ಲಿ ಅವನ ಬೆನ್ನು ಕಾಣುತ್ತಿತ್ತು. ತಿರುವು ಬಂದಾಗ ಆ ಬೆನ್ನು ಸೆಟೆಯುತ್ತಿತ್ತು. ಡಾಂಬರು ಮುಟ್ಟಿದ ಮೇಲೆ ಇಳಿದು, ಕೆಸರಿನಲ್ಲಿ ಊರಿಗೆ ವಾಪಸು ನಡೆಯುತ್ತಿದ್ದ. ಸಾಹುಕಾರರು ಕಾರು ಮಾರುವ ತನಕ ಪ್ರತಿ ಮಳೆಗಾಲವೂ ಹೀಗೇ ನಡೆಯಿತು. ಈಗ ನಾನು ಅಣ್ಣಿಗೇರಿಯಲ್ಲಿದ್ದೇನೆ. ಯಾರದೋ ಕಾರಿನಲ್ಲಿ ಕೂತು ಹೋಗುವಾಗಲೂ ಕನ್ನಡಿ ನೋಡಿದರೆ ಮೊದಲು ಆ ಬೆನ್ನೇ ಕಾಣುತ್ತದೆ.

ಹೋದ ವರ್ಷ ಅವನು ತೀರಿಕೊಂಡ ಸುದ್ದಿ ಬಂತು. ಅವನಿಗೆ ಹೇಳುವ ದಾರಿ ಮುಚ್ಚಿತು. ಅವನ ಹೆಂಡತಿಗಾದರೂ ಹೇಳಬೇಕೆಂದು ಬಸ್ಸು ಹತ್ತಿದೆ. ಆಕೆ ಅಂಗಳದಲ್ಲಿ ಮೊರದ ತುಂಬ ಜೋಳ ಹಾಕಿಕೊಂಡು ಹಸನು ಮಾಡುತ್ತಿದ್ದಳು. ಕಲ್ಲು ಆರಿಸುತ್ತಲೇ ಎಲ್ಲ ಕೇಳಿದಳು. ಮುಂದಿನ ಗಾಲಿ, ಹಿಂದಿನ ಗಾಲಿ, ಚೀಲ, ಸಾಹುಕಾರರ ಸೀಟು, ನಾನು ಹೇಳಿದ ಸುಳ್ಳು. ಒಂದನ್ನೂ ಬಿಡದೆ ಹೇಳಿದೆ. ಕಾಲು ಹಿಡಿಯಲು ಬಗ್ಗಿದಾಗ ಆಕೆ ಮೊರ ಸರಿಸಿಕೊಂಡು ಹಿಂದೆ ಹೋದಳು.

"ಮಂದಿ ಒಂದ್ ದಿನಾ ಅಂದು ಬಿಟ್ರು" ಎಂದಳು. "ನಾ ದಿನಾ ಅಂದೀನ್ರಿ. ನೀ ಜಿಗೀದ ಕುಂತಿದ್ರ ನನ್ನ ಕೂಸು ಇರ್ತಿತ್ತು ಅಂತ. ಉಣ್ಣಾಕ ಕುಂತಾಗ ಅಂದೀನಿ, ಅಂವಾ ಹಾಸಿಗಿ ಹಿಡದಾಗೂ ಅಂದೀನಿ. ಒಂದ್ ಸಲಾನೂ ತಿರುಗಿ ಮಾತಾಡ್ಲಿಲ್ಲ ಅಂವಾ."

ಮೊರದಿಂದ ಇನ್ನೊಂದು ಕಲ್ಲು ಆರಿಸಿ ಅಂಗಳಕ್ಕೆ ಎಸೆದಳು.

"ನೀವು ನನ್ನ ಮುಂದ ಹೇಳಿದ್ರಿ. ನಾ ಈಗ ಯಾರ್ ಮುಂದ ಹೇಳ್ಲಿ?"

ಆಕೆ ಜೋಳ ಆರಿಸುವುದನ್ನು ನಿಲ್ಲಿಸಿದ್ದಳು, ಮೊರ ಮಾತ್ರ ತೊಡೆಯ ಮೇಲೆ ಇತ್ತು. ಬಿಸಿಲು ಅಂಗಳ ದಾಟಿದ ಮೇಲೆ ಎದ್ದೆ. ನಮ್ಮ ಕಡೆ ವೈರಿ ಎದ್ದು ಹೊರಟರೂ ಹೋಗಿ ಬರ್ರಿ ಎನ್ನುತ್ತಾರೆ. ಆಕೆ ಅನ್ನಲಿಲ್ಲ.